ಇಳಿಯೋರಿಗೆ ಮೊದಲು ದಾರಿ

"ಹೋಲ್ಡಾನ್" ಎಂದು ಡ್ರೈವರಣ್ಣ ಕೈ ಎತ್ತಿದರು.

ಪೆಟ್ಟಿಗೆ ಹೊತ್ತವರು ಇದ್ದಲ್ಲೇ ನಿಂತರು. ಪೆಟ್ಟಿಗೆಯ ಅರ್ಧ ಬಾಗಿಲಿನಾಚೆ ಬಂದಿತ್ತು, ಇನ್ನರ್ಧ ಒಳಗೇ ಇತ್ತು. ಮನೆ ಎಂದರೆ ಒಂದೇ ಕೋಣೆ. ಕೆಳಗೆ ಲಾರಿಗೆ ಇರುವಂಥ ಕಬ್ಬಿಣದ ಚೌಕಟ್ಟು ಮತ್ತು ಚಕ್ರ, ಅದರ ಮೇಲೆ ಹಲಗೆಯ ಗೋಡೆ, ಗೋಡೆಯ ಮೇಲೆ ತಗಡಿನ ಸೂರು. ಹಾಗಾಗಿ ಮನೆಯ ನೆಲವೇ ಸೊಂಟದೆತ್ತರಕ್ಕಿತ್ತು. ಒಳಗಡೆ ಪೆಟ್ಟಿಗೆಯ ತಲೆಭಾಗ ಹಿಡಿದಿದ್ದ ಇಬ್ಬರು ಹೊಲಿಗೆ ಮೆಷಿನ್ನಿಗೂ ಒಲೆಗೂ ನಡುವೆ ಸಿಕ್ಕಿಹಾಕಿಕೊಂಡು ಬೆವರುತ್ತಿದ್ದರು. ಹೊರಗಡೆ, ಕೊನೆಯದಾಗಿ ಒಮ್ಮೆ ನೋಡಿ ಹೋಗೋಣವೆಂದು ಬಂದವರು ಮೆಟ್ಟಿಲ ತುಂಬ ನಿಂತಿದ್ದರು. ಮುಂದಿನವರು ಇಳಿಯಲಿ ಎಂದು ಹಿಂದಿನವರು, ಹಿಂದಿನವರು ಸರಿಯಲಿ ಎಂದು ಮುಂದಿನವರು.

"ಸ್ವಲ್ಪ ಹಿಂದೆ ಹೋಗಿ ಸ್ವಾಮಿ."

"ಎಲ್ಲಿಗೆ ಹೋಗ್ಲಿ, ಬೆನ್ನಿಗೇ ಜನ ಇದಾರೆ."

"ನಾನು ಮುಖಾನೇ ನೋಡಿಲ್ಲ, ಈಗ ಬಂದೆ."

"ಮುಚ್ಚಳ ಹಾಕಿ ಆಯ್ತಲ್ಲ, ಇನ್ನೇನು ನೋಡ್ತೀರಿ."

ಒಳಗೆ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ, ಸತ್ತವಳ ತಂಗಿ ಇದನ್ನೆಲ್ಲ ಕೇಳುತ್ತಿದ್ದಳು. ಬೆಳಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ, ಯಾರು ಏನು ಹೇಳಿದರೂ ತಲೆಯಾಡಿಸಿ ಸುಮ್ಮನಾಗಿದ್ದಳು. ಈಗ ಅವಳ ಬಾಯಿಂದ, ಅವಳದಲ್ಲದ ಒಂದು ದೊಡ್ಡ ಗಂಟಲಿನಲ್ಲಿ, ತಾನಾಗಿಯೇ ಮಾತು ಹೊರಟಿತು.

"ಇಳಿಯೋರಿಗೆ ಮೊದಲು ದಾರಿ ಬಿಡಿ. ಹತ್ತೋರು ಆಮೇಲೆ."

ಮೆಟ್ಟಿಲ ಮೇಲೆ ಯಾರೋ ಮೂಗಿನಲ್ಲೇ ನಕ್ಕರು, ನಕ್ಕವರೇ ತೋಳಿನಿಂದ ಕಣ್ಣೊರೆಸಿಕೊಂಡರು. ಪೆಟ್ಟಿಗೆಯೊಳಗೆ ಮಲಗಿದ್ದವಳು ನೌಕರಿ ಇದ್ದಷ್ಟು ಕಾಲವೂ ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದ್ದ ಮಾತದು. ಅವಳ ಕೈಯಲ್ಲಿ ಹಾಗೆ ಬೈಸಿಕೊಳ್ಳದವರು ಅಲ್ಲಿ ಕಡಿಮೆ. ಕಂಡಕ್ಟರಮ್ಮನೇ ಹೇಳಿದ ಮೇಲೆ ಮುಗಿಯಿತು ಎನ್ನುವಂತೆ ಎಲ್ಲರೂ ಇಳಿದು ಅಂಗಳದ ಎರಡೂ ಬದಿಗೆ ಸರಿದರು.

ಪೆಟ್ಟಿಗೆ ಹೊರಗೆ ಬಂತು. ಹೊತ್ತವರು ಇಬ್ಬಿಬ್ಬರಾಗಿ ಅಕ್ಕಪಕ್ಕದಲ್ಲೇ ಇಳಿದರು. ಯಾರೂ ಓರೆಯಾಗಬೇಕಾಗಲಿಲ್ಲ, ಯಾರ ಹೆಜ್ಜೆಯೂ ತಪ್ಪಲಿಲ್ಲ. ಅಂಗಳದಲ್ಲಿ ನಿಂತಿದ್ದ ವೆಲ್ಡರ್ ಪೆಟ್ಟಿಗೆಯನ್ನು ನೋಡುವುದು ಬಿಟ್ಟು ಮೆಟ್ಟಿಲನ್ನೇ ನೋಡುತ್ತಿದ್ದ. ಅದು ಅವನ ಕೈಯ ಕೆಲಸ.

"ಅಲ್ಲಾಡ್ಲೇ ಇಲ್ಲ ನೋಡಿ" ಎಂದು ಪಕ್ಕದವರಿಗೆ ಹೇಳಿದ. ಹೇಳಬಾರದ ಹೊತ್ತಿನಲ್ಲಿ ಹೇಳಿದೆನಲ್ಲ ಎಂದು ಹೊಳೆದು ತಲೆ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

*

ಆ ಮೆಟ್ಟಿಲಿಗಾಗಿ ಅಕ್ಕತಂಗಿಯರು ಇಡೀ ಒಂದು ಬೇಸಿಗೆ ತಲೆ ಕೆಡಿಸಿಕೊಂಡಿದ್ದರು.

ಅಕ್ಕ ಬಸ್ ಕಂಡಕ್ಟರ್, ತಂಗಿ ಟೈಲರ್. ಇಬ್ಬರಿಗೂ ಮದುವೆಯ ಗೊಡವೆ ಇರಲಿಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೊಲಿಗೆ ಮೆಷಿನ್ ಹೊತ್ತು ಹೊತ್ತು ಸಾಕಾಗಿ, ಅಕ್ಕ ನಿವೃತ್ತಿಯಾದ ವರ್ಷ ಸ್ವಂತದ್ದೊಂದು ಗೂಡು ಮಾಡಿಕೊಳ್ಳೋಣ ಎಂದು ಹೊರಟರು. ಇದ್ದ ಹಣಕ್ಕೆ ಜಾಗ ಬರುತ್ತಿರಲಿಲ್ಲ. ಹೂಗಿಡ ಮಾರುವ ನರ್ಸರಿಯವನು ತನ್ನ ಹಿತ್ತಿಲ ಮೂಲೆಯನ್ನು ಬಾಡಿಗೆಗೆ ಕೊಡಲು ಒಪ್ಪಿದ. ಆದರೆ ನೆಲ ಅಗೆಯಬಾರದು, ಸಿಮೆಂಟ್ ಸುರಿಯಬಾರದು ಎಂದ. ಹಾಗಾಗಿ ಚಕ್ರದ ಮನೆ ಬಂತು.

"ಒಳ್ಳೇದೇ ಆಯ್ತು" ಎಂದಳು ಅಕ್ಕ. "ಇಷ್ಟು ವರ್ಷ ಚಕ್ರದ ಮೇಲೆ ನಿಂತೇ ಕಳೆದೆ. ಇನ್ಮೇಲೆ ಚಕ್ರದ ಮೇಲೆ ಮಲಗ್ತೀನಿ."

ಗೋಡೆಗಿಷ್ಟು, ಸೂರಿಗಿಷ್ಟು, ಕಿಟಕಿಗಿಷ್ಟು ಎಂದು ಎಲ್ಲಕ್ಕೂ ಲೆಕ್ಕ ಹಾಕಿದ್ದರು. ಮೆಟ್ಟಿಲು ಮಾತ್ರ ಯಾರ ತಲೆಗೂ ಬಂದಿರಲಿಲ್ಲ. ಟ್ರ್ಯಾಕ್ಟರು ಮನೆಯನ್ನು ಎಳೆದು ತಂದು ಮೂಲೆಯಲ್ಲಿ ನಿಲ್ಲಿಸಿ ಹೋದ ಸಂಜೆ ಅಕ್ಕತಂಗಿ ಇಬ್ಬರೂ ತಮ್ಮದೇ ಬಾಗಿಲಿನ ಕೆಳಗೆ, ಬಸ್ಸು ತಪ್ಪಿಸಿಕೊಂಡವರ ಹಾಗೆ, ಮೇಲೆ ನೋಡುತ್ತ ನಿಂತಿದ್ದರು. ಆ ರಾತ್ರಿ ಗಿಡ ಸಾಗಿಸುವ ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹತ್ತಿದರು. ತಂಗಿಯನ್ನು ಅಕ್ಕ ಕೈ ಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕಾಯಿತು.

ತಂಗಿಯ ಮಂಡಿಗಳು ಕೈಕೊಟ್ಟು ಬಹಳ ಕಾಲವಾಗಿತ್ತು. ಇಪ್ಪತ್ತರ ವಯಸ್ಸಿನಿಂದ ಮೆಷಿನ್ ತುಳಿದ ಕಾಲು. ಸಾಲದ್ದಕ್ಕೆ ಒಮ್ಮೆ ಬಸ್ಸಿನಿಂದ ಇಳಿಯುವಾಗ ಬಿದ್ದು ಎಡ ಮಣಿಕಟ್ಟು ಮುರಿದಿತ್ತು. ಅದು ಕೂಡಿಕೊಂಡದ್ದು ಅಡ್ಡಾದಿಡ್ಡಿಯಾಗಿ. ಆ ಕೈಯಲ್ಲಿ ಬಟ್ಟೆ ಹಿಡಿದು ತಳ್ಳಬಹುದಿತ್ತೇ ಹೊರತು ಮೈಭಾರ ಬಿಟ್ಟು ಏನನ್ನೂ ಹಿಡಿಯುವಂತಿರಲಿಲ್ಲ. ಬಿದ್ದದ್ದು ಅಕ್ಕನ ಬಸ್ಸಿನಿಂದಲ್ಲ, ಬೇರೆಯವರ ಬಸ್ಸಿನಿಂದ. ಅಕ್ಕ ಮಾರನೆಯ ದಿನವೇ ಆ ಡಿಪೋಗೆ ಹೋಗಿ, ಇಳಿಯುವವರು ಇನ್ನೂ ನೆಲ ಮುಟ್ಟುವ ಮೊದಲೇ ರೈಟ್ ಹೇಳಿದ ಕಂಡಕ್ಟರನ್ನು ಹುಡುಕಿ, ಅಲ್ಲಿದ್ದವರೆಲ್ಲ ಚಹಾದ ಲೋಟ ಕೆಳಗಿಟ್ಟು ಕೇಳುವಂತೆ ಜಾಡಿಸಿ ಬಂದಿದ್ದಳು.

ಇಂಥವಳು ಮೆಟ್ಟಿಲು ಆರಿಸಲು ಹೊರಟರೆ ಕೇಳಬೇಕೆ. ಅಂಗಡಿಯಲ್ಲಿ ಮಡಚುವ ಮೆಟ್ಟಿಲು ಅಗ್ಗಕ್ಕೆ ಸಿಗುತ್ತಿತ್ತು. ಅಕ್ಕ ಅದರ ಮೇಲೆ ಹತ್ತಿ ಎರಡು ಸಲ ಕುಪ್ಪಳಿಸಿದಳು, ಅದು ಹಲ್ಲು ಕಡಿದಂತೆ ಸದ್ದು ಮಾಡಿತು. "ಇದು ಮೆಟ್ಟಿಲಲ್ಲಪ್ಪ, ಏಣಿ. ಕಳ್ಳರಿಗೆ ಸರಿ" ಎಂದು ಇಳಿದಳು. ಬಡಗಿ, ಒಳಗೆ ಸಾಮಾನು ಇಡಬಹುದಾದ ಪೆಟ್ಟಿಗೆ ಮೆಟ್ಟಿಲು ಮಾಡಿಕೊಡುತ್ತೇನೆ ಎಂದ. ತುಂಡು ಬಟ್ಟೆ ತುಂಬಿಡಬಹುದಲ್ಲ ಎಂದು ತಂಗಿಗೆ ಆಸೆಯಾಯಿತು. ಆದರೆ ನರ್ಸರಿಯವನು ಬಂದು, ಇಲ್ಲಿ ಹೊತ್ತುಹೊತ್ತಿಗೆ ನೀರು ಹಾಯಿಸುತ್ತೇವೆ, ಮರ ನೆಲಕ್ಕೆ ತಾಗಿದರೆ ಕೊಳೆಯುತ್ತದೆ ಎಂದು ಆಸೆಗೆ ತಣ್ಣೀರೆರಚಿದ. ಸಿಮೆಂಟಿನ ಮಾತೇ ಇಲ್ಲ. ಉಳಿದದ್ದು ವೆಲ್ಡರ್ ಹೇಳಿದ್ದು, ಕಬ್ಬಿಣದ ಕಾಲು, ಮೇಲೆ ಮರದ ಹಲಗೆ. ಗಟ್ಟಿ, ಬೇಕಾದಾಗ ಬಿಚ್ಚಿಕೊಳ್ಳಬಹುದು, ಆದರೆ ದುಬಾರಿ.

ಅಕ್ಕ ನರ್ಸರಿಯಲ್ಲಿ ಬಿದ್ದಿದ್ದ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ ತಂಗಿಯನ್ನು ಹತ್ತಲು ಹೇಳಿದಳು. ಒಂದೊಂದೇ ಹಲಗೆ ಏರಿಸುತ್ತ ಹೋದಳು.

"ನೋವಾಯ್ತಾ?"

"ಇಲ್ಲ."

"ಈಗ?"

"ಇಲ್ಲ ಅಕ್ಕ, ಇಷ್ಟೇ ಇರ್ಲಿ. ಎತ್ತರ ಜಾಸ್ತಿ ಆದಷ್ಟೂ ಮೆಟ್ಟಿಲು ಕಡಿಮೆ ಆಗುತ್ತೆ, ದುಡ್ಡು ಉಳಿಯುತ್ತೆ."

"ಬಾಯಿ ಇಲ್ಲ ಅನ್ನುತ್ತೆ, ಮುಖ ಬೇರೆ ಹೇಳ್ತಿದೆ" ಎಂದು ಅಕ್ಕ ಮೇಲಿನ ಹಲಗೆ ತೆಗೆದಳು. ಆಮೇಲೆ ಇನ್ನೊಂದನ್ನೂ ತೆಗೆದಳು. ತಂಗಿಯ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನೇ ಎಳೆದು ಅಳತೆ ತೆಗೆದುಕೊಂಡಳು.

ಹಾಗೆ ಎತ್ತರ ಇಳಿದ ಮೇಲೆ ಮೆಟ್ಟಿಲುಗಳು ಹೆಚ್ಚಾದವು, ಕಬ್ಬಿಣ ಹೆಚ್ಚಾಯಿತು. ಉಳಿದ ಹಣಕ್ಕೆ ಎರಡರಲ್ಲಿ ಒಂದು ಎಂದ ವೆಲ್ಡರ್. ಕಿರಿದಾದ ಮೆಟ್ಟಿಲಾದರೆ ಎರಡೂ ಕಡೆ ಹಿಡಿಯಲು ಕಂಬಿ, ಅಗಲವಾದರೆ ಒಂದೇ ಕಡೆ. ತಂಗಿ ಎರಡು ಕಂಬಿಯೇ ಸಾಕು ಎಂದಳು. "ನಾವಿಬ್ಬರೇ ಅಲ್ವಾ. ಬಸ್ಸಿಗೆ ಬರೋಷ್ಟು ಜನ ಎಲ್ಲಿ ಬರ್ತಾರೆ ನಮ್ಮ ಮನೆಗೆ."

"ಒಂದೇ ಬಾಗಿಲಿನ ಬಸ್ಸಲ್ಲಿ ದುಡಿದವಳು ನಾನು" ಎಂದಳು ಅಕ್ಕ. "ಹತ್ತೋರಿಗೂ ಇಳಿಯೋರಿಗೂ ಜಗಳ ಹುಟ್ಟೋದೇ ಮೆಟ್ಟಿಲಲ್ಲಿ. ನಮ್ಮ ಜಗಳ ಏನಿದ್ರೂ ಒಳಗೆ ಆಗ್ಲಿ. ಅಗಲವಾಗಿ ಮಾಡ್ಸೋಣ. ಕಂಬಿ ಒಂದೇ ಇರ್ಲಿ, ಇಳಿಯೋವಾಗ ನಿನ್ನ ಬಲಗೈಗೆ ಸಿಗೋ ಹಾಗೆ. ಹತ್ತೋವಾಗ ಯಾರೂ ಬೀಳಲ್ಲ. ಬೀಳೋದು ಇಳಿಯೋವಾಗ."

ಫ್ಯಾನಿಗೆಂದು ತೆಗೆದಿಟ್ಟಿದ್ದ ಹಣವೂ ಮೆಟ್ಟಿಲಿಗೆ ಹೋಯಿತು. ಮನೆಯೊಳಗೆ ಸೆಕೆ ತಡೆಯಲಾಗದೆ ಇಬ್ಬರೂ ಸಂಜೆಯೆಲ್ಲ ಮೆಟ್ಟಿಲ ಮೇಲೆಯೇ ಕೂರುತ್ತಿದ್ದರು. ಬಟ್ಟೆ ಹೊಲಿಸಲು ಬಂದವರು ಅಲ್ಲೇ ಕೂತರು, ಗಿಡ ಕೊಳ್ಳಲು ಬಂದವರು ಕಾಲು ನೋವೆಂದು ಅಲ್ಲೇ ಕೂತರು. ಮೆಟ್ಟಿಲಿಗೊಂದು ಮನೆ ಕಟ್ಟಿಸಿಕೊಂಡವರು ಎಂದು ಸುತ್ತಮುತ್ತ ಹೆಸರಾಯಿತು. ಅಕ್ಕನಿಗೆ ಆ ಹೆಸರು ಇಷ್ಟವೇ ಆಯಿತು.

*

ಪೆಟ್ಟಿಗೆ ವ್ಯಾನಿಗೇರಿತು. ಡ್ರೈವರಣ್ಣ ಮುಂದಿನ ಸೀಟಿಗೆ ಹತ್ತಿ ಕೂತರು. ಅಕ್ಕನ ಬಸ್ಸನ್ನು ಉದ್ದಕ್ಕೂ ಓಡಿಸಿದವರು ಅವರೇ. ವ್ಯಾನಿನವನು "ಹೊರಡೋಣ್ವಾ" ಎಂದು ಕೇಳಿದ.

"ತಡಿ, ಇನ್ನೂ ರೈಟ್ ಆಗಿಲ್ಲ" ಎಂದರು ಡ್ರೈವರಣ್ಣ. ಎಂದವರೇ ಕೈಯಿಂದ ಮುಖ ಉಜ್ಜಿಕೊಂಡರು. ಬಸ್ಸಿನ ಮೈಗೆ ಅಂಗೈಯಿಂದ ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದು ರೈಟ್ ಎಂದರೆ ಹೊರಡು. ಅವರಿಬ್ಬರ ನಡುವೆ ಇದ್ದ ಮಾತುಕತೆ ಬಹುಪಾಲು ಅಷ್ಟೇ. "ರೈಟ್ ಹೇಳೋರು ಹಿಂದೆ ಮಲಗಿದಾರೆ. ನಡಿಯಪ್ಪ, ನಿಧಾನಕ್ಕೆ ನಡಿ."

ತಂಗಿ ಮನೆಯ ಬಾಗಿಲಿಗೆ ಬಂದಳು. ಸ್ಮಶಾನಕ್ಕೆ ಹೋಗಲು ಅವಳು ಇಳಿಯಬೇಕಿತ್ತು. ಕಂಬಿ ಅವಳ ಎಡಕ್ಕಿತ್ತು, ಹಿಡಿಯಲಾರದ ಕೈಯ ಕಡೆಗೆ. ಬಲಕ್ಕೆ ಏನೂ ಇರಲಿಲ್ಲ. ಎಂದೂ ಇರಲಿಲ್ಲ, ಅಲ್ಲಿ ಅಕ್ಕ ಇರುತ್ತಿದ್ದಳು. ಕೆಳಗೆ ಅಂಗಳ ಬಾವಿಯ ಹಾಗೆ ಕಂಡಿತು.

ಎಷ್ಟೊಂದು ಕೈಗಳು ಮೇಲಕ್ಕೆ ಬಂದವು. ನರ್ಸರಿಯವನದು, ವೆಲ್ಡರನದು, ಯಾರೋ ಹೆಂಗಸರದ್ದು. ಒಬ್ಬರು ತೋಳು ಹಿಡಿದರು, ಇನ್ನೊಬ್ಬರು ಹಿಡಿಯಬಾರದ ಮಣಿಕಟ್ಟನ್ನೇ ಹಿಡಿದರು. "ಮೊದಲು ಎಡಗಾಲು" "ಅಲ್ಲ ಅಲ್ಲ, ಬಲಗಾಲು" ಎಂದು ಕೆಳಗೆ ಚರ್ಚೆ ಶುರುವಾಯಿತು. ಕೊನೆಗೆ ಅಣ್ಣನ ಮಗ ಎರಡೆರಡು ಮೆಟ್ಟಿಲು ಹಾರಿ ಬಂದು, ಬಟ್ಟೆಯ ಗಂಟು ಎತ್ತಿದ ಹಾಗೆ ಅವಳನ್ನು ಎತ್ತಿಕೊಂಡು ಇಳಿಸಿಬಿಟ್ಟ.

ಅವನು ಒಳ್ಳೆಯ ಹುಡುಗ. ಹುಡುಗನೇನು, ತಲೆ ನರೆಯಲು ಶುರುವಾಗಿತ್ತು, ಔಷಧಿ ಅಂಗಡಿ ಇಟ್ಟಿದ್ದ. ಸತ್ತುಹೋದ ಅಣ್ಣನ ಒಬ್ಬನೇ ಮಗ. ಅವನ ಪ್ರೀತಿಯಲ್ಲಿ ಎಳ್ಳಷ್ಟೂ ಐಬಿರಲಿಲ್ಲ. ಆದರೂ ಅಷ್ಟು ಜನರ ಮುಂದೆ ಕಾಲು ಗಾಳಿಯಲ್ಲಿ ತೇಲುವಾಗ ತಂಗಿಗೆ ನಾಚಿಕೆಯಿಂದ ಕಣ್ಣು ತುಂಬಿತು. ಅಕ್ಕ ಹೋದ ದುಃಖವನ್ನು ಹೇಗೋ ತಡೆದುಕೊಂಡಿದ್ದಳು, ಇದನ್ನು ತಡೆಯಲಾಗಲಿಲ್ಲ. ನೋಡಿದವರು ಅಕ್ಕನಿಗಾಗಿ ಅತ್ತಳು ಎಂದುಕೊಂಡರು.

ವೆಲ್ಡರ್ ಟೋಪಿ ತಿರುಗಿಸುತ್ತ ಹತ್ತಿರ ಬಂದ. "ಟೈಲರಮ್ಮ, ನಾಳೆನೇ ಬರ್ತೀನಿ. ಈ ಕಡೆಗೂ ಒಂದು ಕಂಬಿ ಹಾಕಿಕೊಡ್ತೀನಿ. ದುಡ್ಡು ಗಿಡ್ಡು ಏನೂ ಬೇಡ."

"ಇನ್ಯಾಕೆ ಬಿಡಿ" ಎಂದ ಅಣ್ಣನ ಮಗ. "ಚಿಕ್ಕತ್ತೆ ಇವತ್ತೇ ನಮ್ಮನೆಗೆ ಬರ್ತಾರೆ. ಕೋಣೆ ಖಾಲಿ ಮಾಡಿಸಿ ಆಗಿದೆ. ಲಿಫ್ಟ್ ಇದೆ, ಮೆಟ್ಟಿಲಿನ ಸಹವಾಸನೇ ಇಲ್ಲ."

"ಮೆಷಿನ್?" ಎಂದು ತಂಗಿ ಕೇಳಿದಳು.

"ಅಲ್ಲಿ ಕೆಳಗಡೆ ಮನೆಯೋರಿಗೆ ಸದ್ದಾಗುತ್ತೆ ಅತ್ತೆ. ಇನ್ನೆಷ್ಟು ದಿನ ಅಂತ ತುಳೀತೀರಿ. ಆರಾಮಾಗಿರಿ."

ಅವಳಿಗೆ ಬೇಡ ಎನ್ನಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಹೇಳುವುದು? ತನ್ನ ಮನೆಯಿಂದ ತಾನೇ ಇಳಿಯಲಾರದವಳು ಆ ಮನೆಯಲ್ಲಿ ಒಬ್ಬಳೇ ಇರುತ್ತೇನೆ ಎಂದರೆ ನಾಯಿಯೂ ನಂಬಲಿಕ್ಕಿಲ್ಲ. ಸುಮ್ಮನೆ ಕಾರು ಹತ್ತಿದಳು. ಹತ್ತುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ.

*

ಕಂಬಿ ತಪ್ಪು ಕಡೆಗೆ ಹೋದದ್ದು ಒಂದೇ ಒಂದು ಮಾತಿನಿಂದ.

ವೆಲ್ಡರ್ ಅಳತೆಗೆ ಬಂದ ದಿನ ಅಕ್ಕ ಮೇಲೆ ಬಾಗಿಲಲ್ಲಿ ನಿಂತಿದ್ದಳು, ಹೊರಗೆ ಮುಖ ಮಾಡಿ. ಬೇರೆ ರೀತಿ ನಿಂತು ಅವಳಿಗೆ ಗೊತ್ತೇ ಇರಲಿಲ್ಲ. ವೆಲ್ಡರ್ ಅಂಗಳದಲ್ಲಿ ನಿಂತಿದ್ದ, ಮನೆಗೆ ಮುಖ ಮಾಡಿ. "ಕಂಬಿ ಬಲಗಡೆ ಬರ್ಲಿ" ಎಂದಳು ಅಕ್ಕ. "ಬಲಗಡೆ" ಎಂದು ಅವನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಟು ಎಳೆದುಕೊಂಡ. ಇಬ್ಬರೂ ಒಂದೇ ಮಾತು ಹೇಳಿದರು, ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ ಬಲಗಡೆ ಇತ್ತು.

ಮೆಟ್ಟಿಲು ಬಂದು ಕೂತಿತು. ತಂಗಿ ಬಲಗೈಯಲ್ಲಿ ಕಂಬಿ ಹಿಡಿದು ರಾಣಿಯ ಹಾಗೆ ಹತ್ತಿದಳು. ಮೇಲೆ ಹೋಗಿ ತಿರುಗಿದಳು. ತಿರುಗಿದರೆ ಕಂಬಿ ಎಡಕ್ಕಿತ್ತು.

"ಬಲಗಡೆ ಅಂದೆ ನಾನು."

"ಬಲಗಡೆನೇ ಹಾಕಿದೀನಿ ಕಂಡಕ್ಟರಮ್ಮ. ಬೇಕಾದ್ರೆ ಇಲ್ಲಿ ಬಂದು ನಿಂತು ನೋಡಿ."

"ನಾನ್ಯಾಕೆ ಅಲ್ಲಿ ನಿಲ್ಲಲಿ? ಇಳಿಯೋರು ಇಲ್ಲಿರೋದು. ನೀನು ಮೇಲೆ ಬಂದು ನಿಂತು ನೋಡು."

ವೆಲ್ಡರ್ ಮೇಲೆ ಹೋಗಿ ನಿಂತ, ಅಕ್ಕ ಕೆಳಗೆ ಬಂದು ನಿಂತಳು. ಈಗ ಅವನಿಗೆ ಅವಳು ಹೇಳಿದ್ದು ಸರಿ ಕಂಡಿತು, ಅವಳಿಗೆ ಅವನು ಹೇಳಿದ್ದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿ ಬಾಗಿಲಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕತ್ತರಿಸಿ ಮತ್ತೆ ಬೆಸೆಯಲು ಮತ್ತಷ್ಟು ಖರ್ಚಿದೆ ಎಂದು ವೆಲ್ಡರ್ ಮೆಲ್ಲಗೆ ಸಾಮಾನು ಕಟ್ಟಿಕೊಳ್ಳತೊಡಗಿದ.

"ಕಂಬಿ ತಪ್ಪು ಕಡೆ ನೆಟ್ಟು ನೀನು ಕಂಬಿ ಕೀಳ್ತಾ ಇದೀಯಾ" ಎಂದಳು ಅಕ್ಕ. ಅವಳಿಗೂ ನಗು ಬಂದುಬಿಟ್ಟಿತ್ತು.

ಬರುವ ತಿಂಗಳು ಸರಿ ಮಾಡಿಸೋಣ ಎಂದುಕೊಂಡರು. ಬರುವ ತಿಂಗಳು ಸೂರು ಸೋರಿತು. ಅದರ ಮುಂದಿನ ತಿಂಗಳು ಮೆಷಿನ್ನಿನ ಬೆಲ್ಟ್ ಹೋಯಿತು. ಅಷ್ಟರಲ್ಲಿ ಅಕ್ಕ ಬಲಗಡೆ ಬಂದು ನಿಲ್ಲುವುದು ರೂಢಿಯಾಗಿಬಿಟ್ಟಿತ್ತು. ಕಂಬಿಯಿಲ್ಲದ ಅಂಚಿನ ಕಡೆ ಅವಳು, ಅವಳ ಹೆಗಲ ಮೇಲೆ ತಂಗಿಯ ಬಲಗೈ. ಮೆಟ್ಟಿಲು ಇಬ್ಬರಿಗೂ ಸರಿಹೋಗುವಷ್ಟು ಅಗಲವಿತ್ತು. "ಕಂಬಿ ಹಿಡ್ಕೊಳ್ಳಿ, ಕಂಬಿ ಹಿಡ್ಕೊಳ್ಳಿ" ಎಂದು ತನ್ನ ಹೆಗಲನ್ನೇ ತಟ್ಟಿಕೊಂಡು ಅಕ್ಕ ಇಳಿಯುತ್ತಿದ್ದಳು. ಇಬ್ಬರೂ ನೆಲ ಮುಟ್ಟಿದ ಮೇಲೆಯೇ "ರೈ...ಟ್" ಎನ್ನುತ್ತಿದ್ದಳು, ಒಂದು ಚೂರೂ ಮೊದಲಲ್ಲ.

ಹಾಗೆ ಇಳಿಯುವುದು ಎಷ್ಟು ಚೆನ್ನಾಗಿತ್ತೆಂದರೆ ಕಂಬಿಯ ಮಾತನ್ನು ಇಬ್ಬರೂ ಮತ್ತೆ ಎತ್ತಲೇ ಇಲ್ಲ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ದಿನಾ ನೆನೆಸಿಕೊಂಡು ಬದುಕಲಾಗುತ್ತದೆಯೇ.

*

ಸ್ಮಶಾನದ ಗೇಟಿನ ಹತ್ತಿರ ಕಾರು ನಿಂತಾಗ ವ್ಯಾನ್ ಆಗಲೇ ಬಂದಿತ್ತು. ತಂಗಿ ಕಾರಿನ ಬಾಗಿಲು ತೆರೆದು ಕೂತಲ್ಲಿಂದಲೇ ನೋಡುತ್ತಿದ್ದಳು. ಅಣ್ಣನ ಮಗ ಪೆಟ್ಟಿಗೆಗೆ ಹೆಗಲು ಕೊಡಲು ಹೋಗಿದ್ದ. ಅವನು ಬಂದು ಇಳಿಸುವವರೆಗೆ ಕಾಯುವುದು ಅವಳ ಪಾಲಿಗೆ ಬಂದಿತ್ತು. ಇನ್ನು ಮುಂದೆಯೂ ಹೀಗೇ, ಎಂದುಕೊಂಡಳು.

ವ್ಯಾನಿನ ಮುಂದಿನ ಬಾಗಿಲು ತೆರೆಯಿತು. ಲಾರಿಯಷ್ಟೇ ಎತ್ತರದ ವ್ಯಾನು. ಡ್ರೈವರಣ್ಣ ಅವಳಿಗಿಂತ ಹಿರಿಯರು, ಸೊಂಟ ಬಾಗಿತ್ತು. ಯಾರಾದರೂ ಹಿಡಿದುಕೊಳ್ಳಬಾರದೇ ಎಂದು ಅವಳು ಸುತ್ತ ನೋಡಿದಳು. ಅವರು ಮಾತ್ರ ಸೀಟಿನ ಮೇಲೇ ಸುತ್ತ ತಿರುಗಿದರು. ರಸ್ತೆಗೆ ಬೆನ್ನು ಹಾಕಿ, ಹತ್ತುವಾಗ ಹಿಡಿದಿದ್ದ ಅದೇ ಹಿಡಿಯನ್ನು ಅದೇ ಕೈಯಲ್ಲಿ ಹಿಡಿದು, ಒಂದು ಕಾಲು ಕೆಳಗಿಟ್ಟು ತಡಕಿ, ಇನ್ನೊಂದನ್ನು ಅದರ ಪಕ್ಕಕ್ಕಿಟ್ಟು, ನೆಲ ಮುಟ್ಟಿದರು. ಬಟ್ಟೆ ಕೊಡವಿಕೊಂಡು ಕಾರಿನ ಹತ್ತಿರ ಬಂದರು.

"ಏನಮ್ಮ, ಹಾಗೆ ನೋಡ್ತಾ ಇದೀರಿ?"

"ಹಿಂದುಮುಂದಾಗಿ ಇಳಿದ್ರಲ್ಲ."

"ನಾವು ಡ್ರೈವರುಗಳು ಇಳಿಯೋದೇ ಹೀಗೆ. ಪ್ಯಾಸೆಂಜರು ಮುಂದೆ ನೋಡ್ಕೊಂಡು ಇಳೀತಾರೆ, ನಾವು ಸೀಟು ನೋಡ್ಕೊಂಡು ಇಳೀತೀವಿ. ಹತ್ತಿದ ಹಾಗೇ ಇಳಿಯೋದು, ಅಷ್ಟೇ. ಕೆಳಗೆ ನೋಡಿದ್ರೆ ಭಯ, ಸೀಟು ನೋಡಿದ್ರೆ ಏನೂ ಇಲ್ಲ." ಅವರು ವ್ಯಾನಿನ ಕಡೆ ತಿರುಗಿ ಹೇಳಿದರು, "ಕಂಡಕ್ಟರಮ್ಮನಿಗೆ ಇದು ಯಾವತ್ತೂ ಸೇರ್ತಿರ್ಲಿಲ್ಲ. ಏನ್ರೀ ಡ್ರೈವರ್ರೇ, ಜನಕ್ಕೆ ಬೆನ್ನು ತೋರಿಸಿ ಇಳೀತೀರಿ ಅಂತ ರೇಗ್ಸೋರು."

ತಂಗಿ ನಕ್ಕಳು. ಬೆಳಗಿನಿಂದ ಮೊದಲ ಸಲ. ನಗುತ್ತಲೇ ತನ್ನ ಬಲಗೈಯನ್ನು ಮುಷ್ಟಿ ಮಾಡಿ ಬಿಚ್ಚಿ ನೋಡಿಕೊಂಡಳು.

ಅಕ್ಕನನ್ನು ಮಣ್ಣಿಗಿಳಿಸುವಾಗ ಹಗ್ಗ ಹಿಡಿದವರಿಗೆ ಡ್ರೈವರಣ್ಣ ಸನ್ನೆ ಮಾಡುತ್ತ, ನಿಧಾನ, ನಿಧಾನ ಎನ್ನುತ್ತಿದ್ದರು. ಪೆಟ್ಟಿಗೆ ತಳ ಮುಟ್ಟಿದ ಸದ್ದು ಕೇಳಿತು. ತಂಗಿ ಹಿಡಿ ಮಣ್ಣು ಹಾಕಿದಳು. ಬೇಕಾದಷ್ಟು ಅತ್ತಳು. ಅತ್ತ ಮೇಲೆ ಎದೆ ಹಗುರಾಯಿತು.

*

ಹೊತ್ತು ಇಳಿಯುವ ಮೊದಲೇ ಕಾರು ನರ್ಸರಿಯ ಹಿತ್ತಿಲಿಗೆ ಬಂದು ನಿಂತಿತು. ದಾರಿಯಲ್ಲೇ ಮನೆಗೆ ಬಿಡುತ್ತೇನೆಂದು ಅಣ್ಣನ ಮಗ ಡ್ರೈವರಣ್ಣನನ್ನೂ ಹತ್ತಿಸಿಕೊಂಡಿದ್ದ. ಅವರು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು.

"ಅತ್ತೆ, ಎರಡು ದಿನಕ್ಕಾಗೋಷ್ಟು ಬಟ್ಟೆ ಹಾಕಿಕೊಳ್ಳಿ ಸಾಕು. ಮಿಕ್ಕಿದ್ದು ಆಮೇಲೆ ಸಾಗಿಸ್ತೀನಿ" ಎಂದು ಅಣ್ಣನ ಮಗ ಅವಳನ್ನು ಕೈಹಿಡಿದು ಇಳಿಸಿ, ಡಿಕ್ಕಿಯಿಂದ ಒಂದು ದೊಡ್ಡ ಬ್ಯಾಗ್ ತೆಗೆದು ಕೊಟ್ಟ. "ನಾನೂ ಬರ್ಲಾ ಮೇಲೆ?"

"ಬೇಡ. ಹತ್ತೋದು ನನಗೇನು ಕಷ್ಟ."

ಬಲಗೈಯಲ್ಲಿ ಕಂಬಿ ಹಿಡಿದು ಹತ್ತಿದಳು. ಮನೆಯೊಳಗೆ ಎಲ್ಲ ಸರಿದು, ಜರುಗಿ, ಯಾರ ಮನೆಯೋ ಎನ್ನುವಂತಿತ್ತು. ಸ್ಟೂಲನ್ನು ಮೆಷಿನ್ನಿನ ಹತ್ತಿರಕ್ಕೆ ಎಳೆದು ಕೂತಳು. ಮೆಷಿನ್ನಿನ ಮೇಲೆ ಯಾರದೋ ಅಂಗಿ, ಒಂದು ತೋಳು ಕೂಡಿಸಿ ಇನ್ನೊಂದನ್ನು ಬಿಟ್ಟದ್ದು, ಹಾಗೇ ಇತ್ತು. ಅಕ್ಕನಿಗೆ ಹುಷಾರು ತಪ್ಪಿದ ಸಂಜೆ ತಾನು ಎದ್ದು ಹೋಗಿದ್ದು ಅಲ್ಲಿಂದಲೇ. ಅವಳು ಅಂಗಿಯನ್ನು ತಿರುಗಿಸಿ ನೋಡಿದಳು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಅದರ ಜಿಪ್ ಎಳೆಯಲೇ ಇಲ್ಲ.

ಹೊರಗಿನಿಂದ ದನಿ ಬಂತು. "ಅತ್ತೆ, ಆಯ್ತಾ? ಬಂದು ಇಳಿಸ್ಲಾ?"

ಇಳಿಸ್ಲಾ. ಆ ಮಾತು ಕೇಳಿ ಅವಳು ಎದ್ದಳು.

"ಅಲ್ಲೇ ಇರು" ಎಂದಳು.

ಬಾಗಿಲಿಗೆ ಬಂದು ನಿಂತಳು. ಅಂಗಳ ಮತ್ತೆ ಬಾವಿಯ ಹಾಗೆ ಕಂಡಿತು. ಬ್ಯಾಗಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. ಆಮೇಲೆ ಅಂಗಳಕ್ಕೂ, ಕಾರಿಗೂ, ಇಡೀ ಲೋಕಕ್ಕೂ ಬೆನ್ನು ತಿರುಗಿಸಿದಳು. ಈಗ ಅವಳ ಮುಂದೆ ಅವಳ ಮನೆಯಿತ್ತು. ಕಂಬಿ ಬಲಕ್ಕಿತ್ತು. ವೆಲ್ಡರನ ಬಲಗಡೆ, ಅಕ್ಕ ಬೈದಿದ್ದ ಬಲಗಡೆ. ಬಲಗೈ ಚಾಚಿದಳು, ಸಿಕ್ಕಿತು.

ಒಂದು ಕಾಲನ್ನು ಹಿಂದಕ್ಕೆ ಬಿಟ್ಟಳು. ಎಲ್ಲಿದೆಯೋ ಎಂದು ತಡಕಿದಳು. ಬೆರಳ ತುದಿಗೆ ಹಲಗೆ ತಾಗಿತು. ಅಕ್ಕ ಅವಳ ಮುಖ ನೋಡಿ, ಅವಳ ಟೇಪಿನಲ್ಲೇ ಅಳೆದು ಇಡಿಸಿದ ಎತ್ತರ ಅದು, ಮಂಡಿ ತಕರಾರು ಮಾಡಲಿಲ್ಲ. ಇನ್ನೊಂದು ಕಾಲು ಬಂದು ಪಕ್ಕದಲ್ಲಿ ನಿಂತಿತು.

ಹಿಂದೆ ಕಾರಿನ ಬಾಗಿಲು ದಡಾರನೆ ತೆರೆಯಿತು. "ಅತ್ತೆ, ಏನ್ಮಾಡ್ತಿದೀರಿ, ಬಿದ್ದುಬಿಡ್ತೀರಿ" ಎನ್ನುತ್ತ ಅಣ್ಣನ ಮಗ ಓಡಿ ಬರುವ ಸದ್ದು, ಅದರ ಹಿಂದೆಯೇ ಡ್ರೈವರಣ್ಣನ ದನಿ.

"ಹೋಲ್ಡಾನ್. ಇಳೀಲಿ ಬಿಡಪ್ಪ."

ಅವನು ಮೆಟ್ಟಿಲ ಬುಡದಲ್ಲಿ ಕೈ ಚಾಚಿಕೊಂಡೇ ನಿಂತ. ತಂಗಿ ತಿರುಗಿ ನೋಡಲಿಲ್ಲ. ಸೀಟು ನೋಡು, ಸೀಟು ನೋಡು ಎಂದು ತನಗೆ ತಾನೇ ಹೇಳಿಕೊಂಡು ಬಾಗಿಲೊಳಗಿನ ಮೆಷಿನ್ನನ್ನೇ ನೋಡುತ್ತ ಇಳಿದಳು. ಇಳಿದಷ್ಟೂ ಅದು ಮೆಲ್ಲಮೆಲ್ಲಗೆ ಮೇಲಕ್ಕೆ ಹೋಯಿತು. ಕೊನೆಗೆ ಕಾಲಿಗೆ ಹಲಗೆಯ ಬದಲು ಮಣ್ಣು ಸಿಕ್ಕಿತು. ಎರಡೂ ಕಾಲು ನೆಲ ಮುಟ್ಟುವವರೆಗೆ ಕಂಬಿ ಬಿಡಲಿಲ್ಲ.

ತಿರುಗಿದಾಗ ಬೆವರಿಂದ ಮುಖವೆಲ್ಲ ಒದ್ದೆಯಾಗಿತ್ತು. ಕೊರಳಿಂದ ಬ್ಯಾಗ್ ತೆಗೆದು ಅಣ್ಣನ ಮಗನ ಕೈಗಿಟ್ಟಳು. ಅವನು ಅದರ ಹಗುರಕ್ಕೆ ಬೆಚ್ಚಿ ಜಿಪ್ ಎಳೆದು ಒಳಗೆ ನೋಡಿದ.

"ಇದರಲ್ಲಿ ಏನೂ ಇಲ್ವಲ್ಲ."

"ಇಲ್ಲ. ಭಾನುವಾರ ಊಟಕ್ಕೆ ಬರ್ತೀನಿ ಅಂತ ನಿನ್ನ ಹೆಂಡತಿಗೆ ಹೇಳು. ಕರ್ಕೊಂಡು ಹೋಗೋಕೆ ನೀನೇ ಬರ್ಬೇಕು. ಇಳಿದು ರಸ್ತೇಲಿ ನಿಂತಿರ್ತೀನಿ."

"ಅತ್ತೆ, ಒಬ್ಬರೇ..."

"ಇಳಿದಿದ್ದು ನೋಡಿದೆಯಲ್ಲ."

ಅವನು ಮೆಟ್ಟಿಲು ನೋಡಿದ, ಅವಳನ್ನು ನೋಡಿದ. ಕಂಬಿಯಿಲ್ಲದ ಅಂಚನ್ನು ಕೈಯಿಂದ ತೋರಿಸಿದ. "ಆ ವೆಲ್ಡರ್‌ಗಾದ್ರೂ ಹೇಳ್ತೀನಿ. ಈ ಕಡೆಗೊಂದು ಹಾಕ್ಲಿ."

"ಅದು ಬೇರೆಯವರ ಕಡೆ ಕಣಪ್ಪ. ಯಾರಾದ್ರೂ ಬಂದಾಗ ಹತ್ತೋಕೆ ಜಾಗ ಬೇಡ್ವಾ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬ್ಯಾಗನ್ನು ಹಿಂದಿನ ಸೀಟಿಗೆ ಹಾಕಿ ಕಾರಿನಲ್ಲಿ ಕೂತ, ಎಂಜಿನ್ ಶುರು ಮಾಡಿದ. ಶುರು ಮಾಡಿದವನು ಸ್ಟೀರಿಂಗ್ ಹಿಡಿದುಕೊಂಡು ಹಾಗೇ ಕೂತ. ಹೊರಡಲು ಮನಸ್ಸು ಬರಲಿಲ್ಲ.

ತಂಗಿ ಕಾರಿನ ಹಿಂಬದಿಗೆ ನಡೆದಳು. ಅಂಗೈ ಎತ್ತಿ ಕಾರಿನ ಮೈಗೆ ಎರಡು ಸಲ, ಗಟ್ಟಿಯಾಗಿ, ಬಡಿದಳು.

"ರೈ...ಟ್."

ಮುಂದಿನ ಸೀಟಿನಲ್ಲಿ ಡ್ರೈವರಣ್ಣ ನೆಟ್ಟಗೆ ಕೂತರು. ಇಲ್ಲದ ಕ್ಲಚ್ಚಿಗೆ ಅವರ ಎಡಗಾಲು ತಾನಾಗಿ ಹೋಯಿತು.

"ರೈಟ್ ಆಯ್ತಲ್ಲಪ್ಪ" ಎಂದರು. "ನಡಿ."